ಮೂರು ಲಕ್ಷ ಓಡಿದ ಗಾಡಿ, ಮುಂದೆ ಘಾಟಿ

ದಸರಾ ರಜೆ ಹತ್ತಿರ ಬಂತು. ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ಸಲ ಬಂದಿರುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು: ಗಾಡಿ ಹಳೆಯದು, ಮನೆ ಮಂದಿ ಜಾಸ್ತಿ, ದಾರಿ ಘಾಟಿಯದು.

ಪ್ರಶ್ನೆ: ನಮ್ಮದು 2009ರ ಇನ್ನೋವಾ ಡೀಸೆಲ್, 3,20,000 ಕಿ.ಮೀ. ಓಡಿದೆ. ಏಳು ಮಂದಿ ಹಾಸನದಿಂದ ಹೊರಟು ಸುಬ್ರಹ್ಮಣ್ಯ, ಧರ್ಮಸ್ಥಳ, ಉಡುಪಿ ಮುಗಿಸಿಕೊಂಡು ನಾಲ್ಕು ದಿನದಲ್ಲಿ ವಾಪಸ್ ಬರಬೇಕು. ಗಾಡಿಯನ್ನು ನಂಬಬಹುದೇ? ಹೊರಡುವ ಹಿಂದಿನ ದಿನ ಫುಲ್ ಸರ್ವಿಸ್ ಮಾಡಿಸಿದರೆ ಸಾಕೇ? — ಓದುಗರು, ಹಾಸನ

ಉತ್ತರ: ಗಾಡಿಯನ್ನು ನಂಬಬಹುದು. ಹಿಂದಿನ ದಿನದ ಸರ್ವಿಸನ್ನು ನಂಬಬೇಡಿ. ಬಿಚ್ಚಿ ಕೂರಿಸಿದ ಭಾಗಗಳಲ್ಲಿ ತಪ್ಪು ಉಳಿದಿದ್ದರೆ ಅದು ಹೊರಬೀಳುವುದು ಮೊದಲ ನೂರು ಕಿಲೋಮೀಟರಿನಲ್ಲಿ. ಸಡಿಲ ಉಳಿದ ಹೋಸ್ ಕ್ಲ್ಯಾಂಪ್, ವಾಷರ್ ಹಾಕದೆ ಬಿಗಿದ ಡ್ರೈನ್ ಪ್ಲಗ್, ಅರ್ಧ ತಿರುಗಿಸಿ ಮರೆತ ವೀಲ್ ನಟ್ ಇಂಥವೇ ಅವು. ಆ ನೂರು ಕಿಲೋಮೀಟರ್ ಶಿರಾಡಿಯಲ್ಲಿ ಕಳೆಯುವಂತಾಗಬಾರದು. ಹದಿನೈದು ದಿನ ಮೊದಲೇ ಕೆಲಸ ಮುಗಿಸಿ, ಹಾಸನ–ಬೇಲೂರು–ಹಳೇಬೀಡು–ಹಾಸನ ಒಂದು ಸುತ್ತು ಹಾಕಿ. ಸುಮಾರು 90 ಕಿ.ಮೀ. ಆಗುತ್ತದೆ. ಮನೆಗೆ ಬಂದು ರಾತ್ರಿ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಏನು ತೊಟ್ಟಿಕ್ಕಿದೆ ನೋಡಿ: ಕಪ್ಪಗಿದ್ದರೆ ಎಂಜಿನ್ ಆಯಿಲ್, ಕೆಂಪು ಅಥವಾ ಹಸಿರು ಬಣ್ಣದ್ದು ಅಂಟಂಟಾಗಿದ್ದರೆ ಕೂಲೆಂಟ್, ಬರೀ ನೀರಾದರೆ ಏಸಿಯದ್ದು. ವೀಲ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿಸಿ.

ಇನ್ನು ಮೀಟರಿನ ಅಂಕಿ. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ 2.5 ಲೀಟರ್ ಎಂಜಿನ್‌ಗೆ ಮೂರು ಲಕ್ಷ ದೊಡ್ಡ ವಯಸ್ಸಲ್ಲ. ಟ್ಯಾಕ್ಸಿಯವರ ಕೈಯಲ್ಲಿ ಐದು ಲಕ್ಷ ದಾಟಿದವೂ ಓಡಾಡುತ್ತಿವೆ. ದಾರಿಯಲ್ಲಿ ಕೈಕೊಡುವುದು ಕಬ್ಬಿಣ ಅಲ್ಲ, ರಬ್ಬರು. ಅದು ಕಿಲೋಮೀಟರ್ ಲೆಕ್ಕಕ್ಕೆ ಸಾಯುವುದಿಲ್ಲ, ವರ್ಷದ ಲೆಕ್ಕಕ್ಕೆ ಸಾಯುತ್ತದೆ. ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಹೋಸ್, ಹೀಟರ್ ಹೋಸ್, ಫ್ಯಾನ್ ಬೆಲ್ಟ್, ನಾಲ್ಕೂ ಚಕ್ರದ ಬ್ರೇಕ್ ಹೋಸ್ ಇವನ್ನು ಕೈಯಲ್ಲಿ ಹಿಸುಕಿ ನೋಡಿ. ಕ್ಲ್ಯಾಂಪಿನ ಪಕ್ಕ ಉಬ್ಬಿದ್ದರೆ, ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ, ಒಣ ಹುಣಸೆಕಾಯಿಯಂತೆ ಗಟ್ಟಿಯಾಗಿದ್ದರೆ ಬದಲಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ ಓಟಕ್ಕೆ ಹೊಂದಿಸಿ ವಾಲ್ವ್‌ಗಳನ್ನು ಆಡಿಸುವ ಬೆಲ್ಟ್. ನಿಮ್ಮ ಎಂಜಿನ್ನಿನಲ್ಲಿ ಅದು ಚೈನ್ ಅಲ್ಲ, ರಬ್ಬರ್ ಬೆಲ್ಟೇ. ಓಡುವಾಗ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದುತ್ತದೆ. ಹೆಡ್, ಅಂದರೆ ಎಂಜಿನ್ನಿನ ತಲೆಭಾಗ ಬಿಚ್ಚದೆ ಬೇರೆ ದಾರಿ ಉಳಿಯುವುದಿಲ್ಲ. ಬದಲಿಸುವ ಹೊತ್ತು ಬಂದಾಗ ಮೀಟರಿನಲ್ಲಿ ಟಿ-ಬೆಲ್ಟ್ ದೀಪ ಹತ್ತುತ್ತದೆ. ಆದರೆ ಬೆಲ್ಟ್ ಮುಟ್ಟದೆ ದೀಪವನ್ನಷ್ಟೇ ಆರಿಸಿ ಕಳಿಸುವವರೂ ಇದ್ದಾರೆ. ಹಾಗಾಗಿ ದೀಪ ಆರಿದೆ ಎಂದು ಸುಮ್ಮನಾಗಬೇಡಿ, ಬಿಲ್ಲು ಹುಡುಕಿ. ಬೆಲ್ಟ್, ಟೆನ್ಷನರ್, ಐಡ್ಲರ್ ಬೇರಿಂಗ್ ಮೂರೂ ಒಟ್ಟಿಗೆ ಬದಲಾದ ಬಿಲ್ಲು ಇಲ್ಲದಿದ್ದರೆ, ಆಗಿಲ್ಲ ಎಂದೇ ಲೆಕ್ಕ ಹಿಡಿದು ಹಾಕಿಸಿ. ಹಳೆಯ ಬೆಲ್ಟನ್ನು ಕೇಳಿ ಪಡೆಯಿರಿ.

ಎಂಜಿನ್ ಆಯಿಲ್ ಫಿಲ್ಟರ್ ಸಮೇತ ಸುಮಾರು 7 ಲೀಟರ್ ಹಿಡಿಯುತ್ತದೆ. ಐದು ಲೀಟರಿನ ಒಂದೇ ಕ್ಯಾನ್ ಸುರಿದು ಮುಗಿಸಿದರೆ ಡಿಪ್‌ಸ್ಟಿಕ್ ನೋಡಿ ಜಗಳ ತೆಗೆಯಿರಿ.

ಪ್ರಶ್ನೆ: ಧರ್ಮಸ್ಥಳದಿಂದ ಚಾರ್ಮಾಡಿ ಹತ್ತಿ ಬರುವಾಗ ಏಸಿ ಹಾಕಿದರೆ ಟೆಂಪರೇಚರ್ ಮುಳ್ಳು ಮುಕ್ಕಾಲಿಗೆ ಏರುತ್ತದೆ. ಬಯಲಲ್ಲಿ ಏನೂ ತೊಂದರೆ ಇಲ್ಲ. ಮೆಕ್ಯಾನಿಕ್ 'ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡೋಣ, ನೀರು ಸಲೀಸಾಗಿ ಓಡಾಡುತ್ತೆ' ಅನ್ನುತ್ತಾರೆ. ತೆಗೆಸಲೇ? — ಓದುಗರು, ಚಿಕ್ಕಮಗಳೂರು

ಉತ್ತರ: ತೆಗೆಸಬೇಡಿ. ಎಂಜಿನ್ ಕಾವಿಗೆ ಬರುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್ ಅದು. ಥರ್ಮೋಸ್ಟಾಟ್ ಕೆಟ್ಟಿದೆಯೋ ಇಲ್ಲವೋ ಎಂದು ಅಡುಗೆಮನೆಯಲ್ಲೇ ನೋಡಬಹುದು. ಹಳೆಯ ಪಾತ್ರೆಯೊಂದರಲ್ಲಿ ನೀರು ತುಂಬಿ, ವಾಲ್ವನ್ನು ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ಇಳಿಬಿಟ್ಟು ಕಾಯಿಸಿ. 82 ಡಿಗ್ರಿಯ ಸುಮಾರಿಗೆ ಬಾಯಿ ಬಿಡಲು ಶುರುಮಾಡಿ, ಕುದಿಯುವ ಹೊತ್ತಿಗೆ ಪೂರ್ತಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ. ಖಾಲಿ ಬಿಟ್ಟರೆ ಘಾಟಿ ಇಳಿಯುವಾಗ, ಚಿಕ್ಕಮಗಳೂರಿನ ಚಳಿಯ ಬೆಳಗಿನಲ್ಲಿ ಎಂಜಿನ್ ಕಾವಿಗೇ ಬರುವುದಿಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು.

ನೀವು ಹೇಳಿದ ಲಕ್ಷಣ ಬೇರೆ ಕಡೆ ಬೆರಳು ತೋರಿಸುತ್ತದೆ. ಬಯಲಲ್ಲಿ 80ರ ವೇಗದಲ್ಲಿ ಹೋಗುವಾಗ ರೇಡಿಯೇಟರಿಗೆ ಗಾಳಿ ತಾನಾಗಿ ನುಗ್ಗುತ್ತದೆ. ಎರಡನೇ ಗೇರಿನಲ್ಲಿ ಏರುವಾಗ ಗಾಳಿ ಎಳೆಯುವುದು ಫ್ಯಾನ್ ಒಂದೇ. ಆದ್ದರಿಂದ ಮೊದಲ ಅನುಮಾನ ಫ್ಯಾನಿನ ಮೇಲೆ. ಇನ್ನೋವಾದಂಥ ಗಾಡಿಗಳಲ್ಲಿ ಫ್ಯಾನಿನ ನಡುವೆ ಸಿಲಿಕೋನ್ ಎಣ್ಣೆ ತುಂಬಿದ ವಿಸ್ಕಸ್ ಕಪ್ಲಿಂಗ್ ಇರುತ್ತದೆ. ಎಂಜಿನ್ ಬಿಸಿಯಿರುವಾಗ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ. ಜೇನಿನಲ್ಲಿ ಚಮಚ ಆಡಿಸಿದಂತೆ ತಡೆ ಸಿಗಬೇಕು. ಗಿರ್ರನೆ ಎರಡು ಮೂರು ಸುತ್ತು ತಿರುಗಿದರೆ ಎಣ್ಣೆ ಸೋರಿಹೋಗಿದೆ, ಕಪ್ಲಿಂಗ್ ಬದಲಿಸಿ. ನಿಮ್ಮದು ಈಕೋ ವ್ಯಾನ್ ಆಗಿದ್ದರೆ ಅದರಲ್ಲಿ ಫ್ಯಾನ್ ಕರೆಂಟಿನದು. ಏಸಿ ಹಾಕಿದಾಗ ಅದು ತಿರುಗುತ್ತದೆಯೇ, ಇಲ್ಲದಿದ್ದರೆ ಫ್ಯೂಸ್ ಮತ್ತು ರಿಲೇ ಸರಿಯಿವೆಯೇ ನೋಡಿ.

ಎರಡನೆಯದು ಕಸ. ಏಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವಿನ ಸಂದಿಯಲ್ಲಿ ಹದಿನೈದು ವರ್ಷದ ಹುಳು, ಧೂಳು, ಒಣಗಿದ ಕೆಸರು ಸೇರಿ ಕಂಬಳಿಯಂತೆ ಕೂತಿರುತ್ತದೆ. ಮುಂದಿನಿಂದ ಜೋರಾಗಿ ನೀರು ಹೊಡೆದರೆ ಅದು ಇನ್ನಷ್ಟು ಒಳಗೆ ಸೇರಿಕೊಳ್ಳುತ್ತದೆ, ರೆಕ್ಕೆಗಳೂ ಮಡಚಿಕೊಳ್ಳುತ್ತವೆ. ಎಂಜಿನ್ ಕಡೆಯಿಂದ ಹೊರಮುಖವಾಗಿ, ತೋಟದ ಪೈಪಿನ ಸಾಧಾರಣ ಒತ್ತಡದಲ್ಲಿ ತೊಳೆಯಿರಿ.

ಮೂರನೆಯದು ಯಾರೂ ನೋಡದ ರೇಡಿಯೇಟರ್ ಮುಚ್ಚಳ. ಹಾಸನದಂಥ 950 ಮೀಟರ್ ಎತ್ತರದ ಊರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಒಳಗಿನ ಒತ್ತಡವನ್ನು ಹಿಡಿದಿಟ್ಟು ಕುದಿಯುವ ಬಿಂದುವನ್ನು 120ರ ಆಸುಪಾಸಿಗೆ ಏರಿಸುವುದು ಈ ಮುಚ್ಚಳದ ಸ್ಪ್ರಿಂಗ್ ಮತ್ತು ರಬ್ಬರ್. ರಬ್ಬರ್ ಸೀಳಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಕುದಿಯುತ್ತದೆ. ಹಳೆಯದರ ಮೇಲೆ ಬರೆದಿರುವ ಒತ್ತಡದ್ದೇ ಹೊಸದು ತನ್ನಿ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಪಾತ್ರೆಯಲ್ಲಿ ಬಿಳಿ ಕಟ್ಟುವ ಬೋರ್‌ವೆಲ್ ನೀರು ರೇಡಿಯೇಟರಿನ ಕೊಳವೆಯಲ್ಲೂ ಹಾಗೇ ಕಟ್ಟುತ್ತದೆ.

ಏರುವಾಗ ಮೂರನೇ ಗೇರಿನಲ್ಲಿ ಎಂಜಿನ್ ಗುದ್ದಾಡುತ್ತಿದ್ದರೆ ಎರಡಕ್ಕೆ ಇಳಿಸಿ, 2,000ದಿಂದ 2,500 ಆರ್‌ಪಿಎಂನಲ್ಲಿ ಹೋಗಿ. ವಾಟರ್ ಪಂಪ್, ಫ್ಯಾನ್ ಎರಡೂ ಎಂಜಿನ್ ವೇಗಕ್ಕೇ ತಿರುಗುವುದು. ಮುಳ್ಳು ಏರತೊಡಗಿತೋ, ಏಸಿ ಆಫ್, ಕಿಟಕಿ ತೆರೆದು ಹೀಟರ್ ಪೂರ್ತಿ ಆನ್. ಮಕ್ಕಳು ಬೈಯುತ್ತಾರೆ, ಆದರೆ ಹೀಟರ್ ಎಂಬುದು ಇನ್ನೊಂದು ಪುಟ್ಟ ರೇಡಿಯೇಟರ್. ಆವಿ ಎದ್ದರೆ ಎಂಜಿನ್ ಆಫ್ ಮಾಡಿ ಮುಕ್ಕಾಲು ಗಂಟೆ ಮುಚ್ಚಳ ಮುಟ್ಟಬೇಡಿ. ಆಮೇಲೆ ದಪ್ಪ ಬಟ್ಟೆ ಹಾಕಿ ಕಾಲು ಸುತ್ತು ತಿರುಗಿಸಿ, ಸದ್ದು ನಿಂತ ಮೇಲೆ ತೆಗೆಯಿರಿ. ಕಾದ ಹೆಡ್‌ಗೆ ಒಮ್ಮೆಗೇ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಎಂಜಿನ್ ಸ್ಟಾರ್ಟ್ ಮಾಡಿಕೊಂಡು ನಿಧಾನವಾಗಿ ಹನಿಸಿ.

ಪ್ರಶ್ನೆ: ಕೊಟ್ಟಿಗೆಹಾರದಿಂದ ಕೆಳಗಿಳಿಯುವಾಗ ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂದು ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಮೊದಲಿನಂತಾಯಿತು. ಪ್ಯಾಡ್ ಹಾಕಿಸಿ ಆರು ತಿಂಗಳಷ್ಟೇ. ಇನ್ನೇನು ಬದಲಿಸಬೇಕು? — ಓದುಗರು, ಮೂಡಿಗೆರೆ

ಉತ್ತರ: ಬ್ರೇಕ್ ಆಯಿಲ್. ಮತ್ತು ಇಳಿಯುವ ರೀತಿ.

ಜನ ತುಂಬಿದ ಏಳು ಸೀಟಿನ ಗಾಡಿ 2,300 ಕಿಲೋ ಇದೆ ಎಂದುಕೊಳ್ಳಿ. ಅರ್ಧ ಕಿಲೋಮೀಟರ್ ಎತ್ತರ ಇಳಿಯುವಷ್ಟರಲ್ಲಿ ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 33 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಬಚ್ಚಲ ಹಂಡೆಯ ನೀರನ್ನು ಬ್ರೇಕ್ ಡಿಸ್ಕಿನ ಮೇಲೆ ಕಾಯಿಸಿದಂತೆ ಲೆಕ್ಕ. ಗೇರಿನಲ್ಲಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಹೆಚ್ಚುಕಡಿಮೆ ಪೂರ್ತಿ ಬ್ರೇಕಿನ ತಲೆಗೆ.

ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹಿಡಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಿ 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿ ಕುಗ್ಗುತ್ತದೆ. ಅದಕ್ಕೇ ಪೆಡಲ್ ಕೆಳಗೆ ಹೋದದ್ದು. ತಣಿದಾಗ ಗುಳ್ಳೆ ಮತ್ತೆ ದ್ರವವಾಗುತ್ತದೆ, ಪೆಡಲ್ ಸರಿಹೋಗುತ್ತದೆ. ಮೆಕ್ಯಾನಿಕ್ ನೋಡುವ ಹೊತ್ತಿಗೆ ದೋಷವೇ ಇರುವುದಿಲ್ಲ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಆಗ ಪ್ಯಾಡ್ ಕಾದು ಜಾರುತ್ತಿದೆ ಎಂದರ್ಥ. ಎರಡೂ ಬೇರೆ ಬೇರೆ ರೋಗ.

ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸಬೇಕು. ಡಬ್ಬಿಯಲ್ಲಿ ಕಡಿಮೆಯಾದಷ್ಟು ಮೇಲೆ ಸುರಿಯುವುದು ಬದಲಾವಣೆ ಅಲ್ಲ. ಸೀಲ್ ಒಡೆಯದ ಒಂದು ಲೀಟರ್ ಡಬ್ಬಿ ಸಾಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ, ಆಯಿಲ್ ಬಂದ ಮೇಲೆ ಬಿಗಿದು, ಆಮೇಲೆ ಪೆಡಲ್ ಬಿಡಬೇಕು. ಕಾಫಿ ಬಣ್ಣ ಹೋಗಿ ತಿಳಿಯಾಗಿ, ಗುಳ್ಳೆಯಿಲ್ಲದೆ ಬರುವವರೆಗೆ. ಈ ನಡುವೆ ಮೇಲಿನ ಡಬ್ಬಿ ಖಾಲಿಯಾದರೆ ಗಾಳಿ ಹೊಕ್ಕು ಮೊದಲಿನಿಂದ ಮಾಡಬೇಕಾಗುತ್ತದೆ.

ಜೊತೆಗೆ ಒಂದು ಸಣ್ಣ ಪರೀಕ್ಷೆ. ಬಯಲು ರಸ್ತೆಯಲ್ಲಿ ಬ್ರೇಕ್ ಹೆಚ್ಚು ಬಳಸದೆ 10 ಕಿ.ಮೀ. ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಬಳಿ ಅಂಗೈ ಹಿಡಿಯಿರಿ. ಒಂದು ಮಾತ್ರ ಒಲೆಯಂತೆ ಕಾದಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ. ಕ್ಯಾಲಿಪರ್ ಪಿನ್ ತುಕ್ಕು ಹಿಡಿದಿರಬಹುದು. ಇಲ್ಲವೇ ಹೊರಗಿನಿಂದ ಚೆನ್ನಾಗಿ ಕಾಣುವ ರಬ್ಬರ್ ಹೋಸ್ ಒಳಗೆ ಊದಿಕೊಂಡು, ಹೋದ ಆಯಿಲನ್ನು ವಾಪಸ್ ಬಿಡದೆ ಕೂತಿರಬಹುದು. ಮಿಂಚುವ ಅಲಾಯ್ ವೀಲ್ ಹಾಕಿಸಿ, ಒಳಗೆ ಹದಿನೈದು ವರ್ಷದ ಹೋಸ್ ಹಾಗೇ ಬಿಟ್ಟ ಗಾಡಿಗಳು ಬೇಕಾದಷ್ಟಿವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಇಳಿಯುವ ರೀತಿ: ಆ ರಸ್ತೆಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಿರಿ. ತಿರುವಿಗೆ ಮೊದಲು ಮೂರು ನಾಲ್ಕು ಸೆಕೆಂಡ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಉದ್ದಕ್ಕೂ ಕಾಲಿಟ್ಟುಕೊಂಡು ಸವರುತ್ತ ಹೋಗಬೇಡಿ. ಡೀಸೆಲ್ ಉಳಿಯುತ್ತದೆಂದು ಎಂಜಿನ್ ಆಫ್ ಮಾಡುವ ಚಟವಿದ್ದರೆ ಬಿಟ್ಟುಬಿಡಿ. ಎರಡು ಮೂರು ಸಲ ಒತ್ತಿದ ಮೇಲೆ ಬೂಸ್ಟರಿನ ವ್ಯಾಕ್ಯೂಮ್ ಮುಗಿದು ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟಿಯರಿಂಗೂ ಹೋಗುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಹೇಗೂ ಎಲ್ಲರೂ ನಿಲ್ಲಿಸುತ್ತೀರಿ. ಮತ್ತೆ ಹೊರಟಾಗ ಇಳಿಜಾರು ಸಿಗುವ ಮೊದಲೇ ಒಮ್ಮೆ ಪೆಡಲ್ ಒತ್ತಿ ನೋಡಿಕೊಳ್ಳಿ.

ಪ್ರಶ್ನೆ: ಟಯರಿನ ಬಟನ್ ಚೆನ್ನಾಗಿದೆ, ಆದರೆ ತೆಗೆದುಕೊಂಡು ಎಂಟು ವರ್ಷ. ಓಡಿಸಬಹುದೇ? — ಓದುಗರು, ಬೇಲೂರು

ಉತ್ತರ: ಕುಟುಂಬ ಕೂರಿಸಿಕೊಂಡು ದೂರಕ್ಕೆ ಬೇಡ. ಟಯರಿನ ಪಕ್ಕದಲ್ಲಿ DOT (ಡಾಟ್) ಎಂಬ ಇಂಗ್ಲಿಷ್ ಅಕ್ಷರಗಳಿರುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಮೇಲೆ ಬಟನ್ ಎಷ್ಟಿದ್ದರೂ ಪಕ್ಕದ ಗೋಡೆಯ ಬಿರುಕು ನೋಡಿಯೇ ನಿರ್ಧರಿಸಬೇಕು, ಎಂಟಾದರೆ ಯೋಚಿಸದೆ ಬದಲಿಸಿ. ಸ್ಟೆಪ್ನಿಯ ಅಂಕಿಯನ್ನೂ ಓದಿ. ಬಹುತೇಕ ಅದೇ ಎಲ್ಲಕ್ಕಿಂತ ಹಳೆಯದು. ಗಾಡಿಯ ಹೊಟ್ಟೆಯಡಿ ಚೈನಿನಲ್ಲಿ ತೂಗುವ ಸ್ಟೆಪ್ನಿಯಾದರೆ ಒಮ್ಮೆ ಮನೆಯಲ್ಲೇ ಇಳಿಸಿ ಗ್ರೀಸ್ ಹಚ್ಚಿ. ತುಕ್ಕು ಹಿಡಿದ ಚೈನ್ ಮಳೆಯಲ್ಲಿ ಇಳಿಯುವುದಿಲ್ಲ. ಗಾಳಿ ಎಷ್ಟು ಎಂಬುದು ಡ್ರೈವರ್ ಬಾಗಿಲಿನ ಬಳಿಯ ಚೀಟಿಯಲ್ಲಿದೆ. ತುಂಬಿದ ಗಾಡಿಯ ಅಂಕಿ ಬೇರೆ ಕೊಟ್ಟಿದ್ದರೆ ಅದನ್ನೇ ಹಾಕಿಸಿ, ತಣ್ಣಗಿರುವಾಗ.

ಪ್ರಶ್ನೆ: ನಮ್ಮದು 2012ರ ಈಕೋ. ಹಿಂದಿನ ಸೀಟಿನ ಮಕ್ಕಳಿಗೆ ಯಾವಾಗಲೂ ತಲೆನೋವು, ವಾಂತಿ. ಮುಂದೆ ಕೂತವರಿಗೆ ಏನೂ ಇಲ್ಲ. ಘಾಟಿಯ ತಿರುವಿನಿಂದ ಎಂದುಕೊಂಡಿದ್ದೆವು, ಈಗ ಬಾಣಾವರಕ್ಕೆ ಹೋದರೂ ಹಾಗೇ. — ಓದುಗರು, ಅರಸೀಕೆರೆ

ಉತ್ತರ: ತಿರುವಿಲ್ಲದ ದಾರಿಯಲ್ಲೂ ಆಗುತ್ತಿದ್ದರೆ ಮೊದಲು ಹೊಗೆ ಒಳಗೆ ಬರುತ್ತಿದೆಯೇ ನೋಡಿ. ಇದನ್ನು ಮುಂದೂಡಬೇಡಿ. ಓಡುವ ವ್ಯಾನಿನ ಬೆನ್ನಿಗೆ ಗಾಳಿ ಸುಳಿದು ಒತ್ತಡ ಕಡಿಮೆಯಾಗುತ್ತದೆ. ಸೈಲೆನ್ಸರಿನ ಹೊಗೆ ಅಲ್ಲೇ ಸುತ್ತುತ್ತದೆ, ಹಿಂಬಾಗಿಲಿನ ರಬ್ಬರ್ ಸವೆದಿದ್ದರೆ ಆ ಸಂದಿಯಿಂದ ಒಳಗೆ ಬರುತ್ತದೆ. ಹಿಂದಿನ ಕಿಟಕಿಯನ್ನಷ್ಟೇ ತೆರೆದರೆ ಇನ್ನೂ ಹೆಚ್ಚು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ತಲೆನೋವು, ಓಕರಿಕೆ ಅದರ ಮೊದಲ ಲಕ್ಷಣ.

ದಿನಪತ್ರಿಕೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಹಿಂಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿಯಬೇಕು. ಸುತ್ತಲೂ ಹತ್ತು ಕಡೆ ಹೀಗೆ ನೋಡಿ, ಸಲೀಸಾಗಿ ಬಂದ ಕಡೆ ಗುರುತು ಹಾಕಿ. ರಬ್ಬರ್ ಬದಲಿಸಿ, ಬಾಗಿಲಿನ ಲಾಕ್ ಕೊಂಡಿ ಹೊಂದಿಸಿ. ಆಮೇಲೆ ಗಾಡಿಯಡಿಯ ಸೈಲೆನ್ಸರ್ ಜಾಯಿಂಟ್‌ಗಳು: ಎಂಜಿನ್ ಸ್ಟಾರ್ಟ್ ಮಾಡಿ, ಒಬ್ಬರು ಒದ್ದೆ ಬಟ್ಟೆಯಿಂದ ಪೈಪಿನ ಬಾಯಿಯನ್ನು ಎರಡು ಸೆಕೆಂಡ್ ಒತ್ತಿದರೆ ಸೋರುವ ಕಡೆ ಪುಸ್ ಎನ್ನುತ್ತದೆ. ಈಕೋದ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಅಲ್ಲಿನ ಮುಚ್ಚಳದ ರಬ್ಬರನ್ನೂ ಬಿಡಬೇಡಿ. ಇಷ್ಟಾಗುವವರೆಗೆ ಮಕ್ಕಳನ್ನು ಹಿಂದೆ ಕೂರಿಸಬೇಡಿ.

ಪ್ರಶ್ನೆ: ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದಾರ್ಥ. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಹೆದರಿಸಿದ್ದಾರೆ. ಇಲಿ ಕಾಟ ಬೇರೆ. — ಓದುಗರು, ಆಲ್ದೂರು

ಉತ್ತರ: ಮಳೆಗಾಲದಲ್ಲಿ ತೋಟದಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಇದು ಮಾಮೂಲು. ಎಂಜಿನ್ ಪೂರ್ತಿ ಕಾಯುವುದೇ ಇಲ್ಲ, ಒಳಗಿನ ತೇವ ಮುಚ್ಚಳಕ್ಕೆ ಹೋಗಿ ಕೂರುತ್ತದೆ. ಒರೆಸಿ, ಒಂದೇ ಓಟಕ್ಕೆ 50 ಕಿ.ಮೀ. ಹೋಗಿ ಬಂದು ನೋಡಿ. ಮತ್ತೆ ಬಂದಿಲ್ಲ, ಡಿಪ್‌ಸ್ಟಿಕ್ಕಿನ ಆಯಿಲ್ ಶುದ್ಧವಾಗಿದೆ, ಕೂಲೆಂಟ್ ಇಳಿದಿಲ್ಲ ಎಂದರೆ ನೆಮ್ಮದಿಯಾಗಿರಿ. ಡಿಪ್‌ಸ್ಟಿಕ್ಕಿನಲ್ಲೇ ಹಾಲು ಬೆರೆತ ಕಾಫಿಯ ಬಣ್ಣ, ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ, ಬೆಳಗಿನ ಬಿಳಿ ಹೊಗೆ ನಿಲ್ಲದಿರುವುದು, ಇವು ಕಂಡರೆ ಗ್ಯಾಸ್ಕೆಟ್ ಮಾತು ನಿಜ.

ಇಲಿಗೆ ಕತ್ತಲು, ಬೆಚ್ಚಗಿನ ಜಾಗ, ತಿಂಡಿಯ ವಾಸನೆ ಮೂರೂ ಬೇಕು. ರಾತ್ರಿ ಬಾನೆಟ್ ಎತ್ತಿಡಿ, ಒಳಗೆ ಚಕ್ಕುಲಿ ಪೊಟ್ಟಣ ಬಿಡಬೇಡಿ, ಕಾಫಿ ಮೂಟೆಯ ಪಕ್ಕ ನಿಲ್ಲಿಸಬೇಡಿ. ಏರ್ ಫಿಲ್ಟರ್ ಡಬ್ಬಿಯ ಬಾಯಿಗೆ ಒರಟು ಕಣ್ಣಿನ ಜಾಲರಿ ಹಾಕಿಸಿ. ಪ್ರವಾಸಕ್ಕೆ ಮುಂಚೆ ಎಕ್ಸಾಸ್ಟ್ ಸುತ್ತ ಹುಲ್ಲು, ಸಿಪ್ಪೆ ಕೂತಿಲ್ಲ, ಡೀಸೆಲ್ ಪೈಪ್ ಕಡಿದಿಲ್ಲ ಎಂದು ಟಾರ್ಚ್ ಬಿಟ್ಟು ನೋಡಿ. ಒಣ ಹುಲ್ಲಿನ ಗೂಡು ಬೆಂಕಿಗೆ ದಾರಿ.

ಪ್ರಶ್ನೆ: ಜೊತೆಯಲ್ಲಿ ಏನೇನು ಇಟ್ಟುಕೊಳ್ಳಬೇಕು? — ಓದುಗರು, ಹೊಳೆನರಸೀಪುರ

ಉತ್ತರ: ಐದು ಲೀಟರ್ ನೀರು, ಒಂದು ಲೀಟರ್ ಕೂಲೆಂಟ್, ಗಾಡಿಗೆ ಹಾಕಿರುವ ಅದೇ ಗ್ರೇಡಿನ ಆಯಿಲ್ ಒಂದು ಲೀಟರ್. ಹೊಸ ಫ್ಯಾನ್ ಬೆಲ್ಟ್, ಇಲ್ಲವೇ ಬದಲಿಸಿ ತೆಗೆದ ಹಳೆಯದರಲ್ಲೇ ಚೆನ್ನಾಗಿರುವುದು. 10, 15, 20 ಆಂಪಿಯರ್ ಫ್ಯೂಸ್ ಎರಡೆರಡು, ಹೆಡ್‌ಲೈಟ್ ಬಲ್ಬ್ ಒಂದು, ಹೋಸ್ ಕ್ಲ್ಯಾಂಪ್ ನಾಲ್ಕು, ತನಗೆ ತಾನೇ ಅಂಟುವ ಸಿಲಿಕೋನ್ ಟೇಪ್, ಜಂಪರ್ ಕೇಬಲ್, ಎಳೆಯುವ ಹಗ್ಗ, ಟಾರ್ಚ್, ಹೊಳೆಯುವ ತ್ರಿಕೋನ. ಮರೆಯುವುದು ಯಾವುದೆಂದರೆ ಎರಡಂಗುಲ ದಪ್ಪ, ಒಂದಡಿ ಉದ್ದದ ಹಲಗೆ ತುಂಡು. ಮಳೆಗೆ ನೆನೆದ ರಸ್ತೆ ಬದಿಯಲ್ಲಿ ಜಾಕಿ ಗಾಡಿಯನ್ನು ಎತ್ತುವ ಬದಲು ತಾನೇ ನೆಲಕ್ಕಿಳಿಯುತ್ತದೆ. ಚಕ್ರಕ್ಕೆ ಅಡ್ಡ ಕೊಡಲು ಮರದ ಬೆಣೆ ಎರಡಿರಲಿ, ಕಲ್ಲು ಹುಡುಕುತ್ತ ಕೂರಬೇಡಿ. ಲಗೇಜಿನಲ್ಲಿ ಭಾರದ್ದು ಒಳಗೆ ಕೆಳಗೆ, ಹಗುರದ್ದು ಮಾತ್ರ ಮೇಲಿನ ಕ್ಯಾರಿಯರ್‌ಗೆ.

ಪ್ರಶ್ನೆ: ಆರ್‌ಸಿ ಹದಿನೈದು ವರ್ಷ ಮುಗಿಯುತ್ತ ಬಂತು. ಪ್ರವಾಸ ಮುಗಿಸಿ ಬಂದು ಮಾಡಿಸಬಹುದೇ? — ಓದುಗರು, ಸಕಲೇಶಪುರ

ಉತ್ತರ: ಅವಧಿ ಮುಗಿಯುವುದು ಪ್ರವಾಸದ ಮಧ್ಯೆಯಾದರೆ ಬೇಡ. ಮುಗಿಯುವುದಕ್ಕೆ ಮುಂಚಿನ 60 ದಿನದೊಳಗೆ ಫಾರಂ 25ರಲ್ಲಿ ಅರ್ಜಿ ಹಾಕಿ, ನಿಮ್ಮ ಕೆಎ-46 ಸಾರಿಗೆ ಕಚೇರಿಯಲ್ಲಿ ಗಾಡಿ ತೋರಿಸಿ. ಪಾಸಾದರೆ ಐದು ವರ್ಷಕ್ಕೆ ನವೀಕರಣ. ಅವಧಿ ಮೀರಿದ ಆರ್‌ಸಿಯಲ್ಲಿ ಅಪಘಾತವಾದರೆ ವಿಮೆಯವರ ಜೊತೆ ತಕರಾರು ಖಂಡಿತ.

ಪ್ರಶ್ನೆ: 2010ರ ಟವೇರಾ, 2,80,000 ಓಡಿದೆ. ಪ್ರತಿ ಪ್ರವಾಸಕ್ಕೂ ಖರ್ಚು. ಇಟ್ಟುಕೊಳ್ಳಲೇ, ಮಾರಲೇ? — ಓದುಗರು, ಕಡೂರು

ಉತ್ತರ: ಕಂಪನಿ 2017ರಲ್ಲೇ ಭಾರತದಲ್ಲಿ ಮಾರಾಟ ನಿಲ್ಲಿಸಿದೆ. ಹಾಗಾಗಿ ಗಾಜು, ಬಾಡಿ ಭಾಗ ಹುಡುಕುವ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಖರ್ಚಿನಲ್ಲಿ ಎರಡು ಬಗೆ: ಬೆಲ್ಟ್, ಹೋಸ್, ಬುಷ್, ಶಾಕ್ ಅಬ್ಸಾರ್ಬರ್, ಕ್ಲಚ್ ಪ್ಲೇಟ್ ಇವು ಒಮ್ಮೆ ಹಾಕಿದರೆ ವರ್ಷಗಟ್ಟಲೆ ಬರುತ್ತವೆ. ಇದಕ್ಕೆ ಹೆದರಿ ಮಾರಬೇಡಿ. ಆದರೆ ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿದು ನೀಲಿ ಹೊಗೆ ಬಿಡುತ್ತಿದ್ದರೆ ಎಂಜಿನ್ ಬಿಚ್ಚುವ ಮಾತು ಬರುತ್ತದೆ. ಅದರ ಅಂದಾಜು ಗಾಡಿಯ ಮಾರುಕಟ್ಟೆ ಬೆಲೆಯ ಅರ್ಧ ದಾಟಿದರೆ ಕೊಟ್ಟುಬಿಡಿ.

ಅದಕ್ಕೂ ಮೊದಲು ಲಿಫ್ಟ್ ಮೇಲೆ ಎತ್ತಿಸಿ ಚಾಸಿ ನೋಡಿ. ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಅಡ್ಡ ಪಟ್ಟಿ ಸೇರುವ ಮೂಲೆ, ಇಲ್ಲೇ ಕೆಸರು ಕೂತು ಕೊಳೆಯುವುದು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಿ. ಟಣ್ ಎಂದರೆ ಕಬ್ಬಿಣ ಗಟ್ಟಿಯಿದೆ. ದಬ್ ಎಂದು ಪುಡಿ ಉದುರಿದರೆ, ತೇಪೆ ಬೆಸುಗೆ ಹಾಕಿಸಿ ಮನೆ ಮಂದಿಯನ್ನು ಘಾಟಿಗೆ ಕರೆದೊಯ್ಯಬೇಡಿ, ಗುಜರಿಗೆ ಕೊಡಿ.